ಟ್ಯಾಂಕ್ ನೀರು ಹಸಿರಾಯ್ತಾ? ಮೊದಲು ಬಕೆಟ್ ಕೆಳಗಿಡಿ

ಅಕ್ವೇರಿಯಂ ನೀರು ಹಸಿರಾದ ಕೂಡಲೇ ಎಲ್ಲರ ಕೈ ಹೋಗುವುದು ಬಕೆಟ್ ಮತ್ತು ಪೈಪಿನ ಕಡೆಗೆ. ಅರ್ಧ ನೀರು ತೆಗೆದು ಹೊಸ ನೀರು ತುಂಬಿಸುತ್ತಾರೆ, ಸಂಜೆ ಹೊತ್ತಿಗೆ ಪರವಾಗಿಲ್ಲ ಅನ್ನಿಸುತ್ತದೆ, ಎರಡು ಮೂರು ದಿನ ಕಳೆಯುವಷ್ಟರಲ್ಲಿ ಮತ್ತೆ ಅದೇ ಹಸಿರು. ಮತ್ತೆ ಬಕೆಟ್. ಹೀಗೆ ನೀರು ಬದಲಿಸಿ ಬದಲಿಸಿ ಬೇಸತ್ತು ಟ್ಯಾಂಕನ್ನೇ ಖಾಲಿ ಮಾಡಿ ಮೂಲೆಗಿಟ್ಟವರನ್ನು ನೋಡಿದ್ದೇನೆ.

ಆ ಹಸಿರು ಕೊಳೆಯಲ್ಲ. ನೀರಿನಲ್ಲಿ ತೇಲಾಡುವ ಒಂದೇ ಕೋಶದ ಪಾಚಿ. ಕ್ಲೋರೆಲ್ಲಾ, ಯೂಗ್ಲೀನಾ ಥರದವು. ಬೆಳಕು ಮತ್ತು ಗೊಬ್ಬರ ಎರಡೂ ಸಿಕ್ಕಿದರೆ ಇವು ಒಂದೇ ದಿನದಲ್ಲಿ ದುಪ್ಪಟ್ಟಾಗಬಲ್ಲವು. ಅರ್ಧ ನೀರು ತೆಗೆದರೆ ಅರ್ಧ ಪಾಚಿ ಹೋಯಿತು, ಉಳಿದ ಅರ್ಧ ನಾಳೆ ಮತ್ತೆ ಪೂರ್ತಿಯಾಯಿತು. ಲೆಕ್ಕ ಇಷ್ಟೇ. ಸಾಲದ್ದಕ್ಕೆ ನಲ್ಲಿ ನೀರಿನಲ್ಲೇ ನೈಟ್ರೇಟ್, ಫಾಸ್ಫೇಟ್ ಇದ್ದರೆ ನೀರು ಬದಲಿಸಿದಷ್ಟೂ ನಾವೇ ಅದಕ್ಕೆ ಎಲೆ ಹಾಕಿ ಬಡಿಸಿದ ಹಾಗೆ.

ಫಿಲ್ಟರ್ ಇದೆಯಲ್ಲ, ಅದು ಹಿಡಿಯಲ್ವಾ? ಹಿಡಿಯುವುದಿಲ್ಲ. ಕ್ಲೋರೆಲ್ಲಾದ ಒಂದು ಕೋಶ 2ರಿಂದ 10 ಮೈಕ್ರಾನ್ ಅಷ್ಟೇ, ಸ್ಪಂಜಿನ ತೂತು ಅದಕ್ಕೆ ಹೆಬ್ಬಾಗಿಲು. ಇನ್ನು ಕೆಲವರು ಸಿಟ್ಟಿನಲ್ಲಿ ಸ್ಪಂಜನ್ನು ನಲ್ಲಿಯಡಿ ಹಿಡಿದು ಬೆಳ್ಳಗಾಗುವವರೆಗೆ ಉಜ್ಜಿ ತೊಳೆಯುತ್ತಾರೆ. ಕ್ಲೋರಿನ್ ತಾಗಿ ಅದರಲ್ಲಿದ್ದ, ಅಮೋನಿಯಾವನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತದೆ, ನೀರಿನಲ್ಲಿ ಅಮೋನಿಯಾ ಏರುತ್ತದೆ, ಪಾಚಿಗೆ ಬೇಕಾಗಿದ್ದೂ ಅದೇ. ಸ್ಪಂಜ್ ತೊಳೆಯಲೇಬೇಕಾದರೆ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಏನಾದರೂ ಮಾಡುವ ಮೊದಲು ಒಂದು ಬಿಳಿ ಕಪ್ಪಿನಲ್ಲಿ ನೀರು ತೆಗೆದು ಹಗಲು ಬೆಳಕಿನಲ್ಲಿ ನೋಡಿ. ಕಪ್ಪಿನಲ್ಲೂ ಹಸಿರಿದ್ದರೆ ತೇಲುವ ಪಾಚಿ, ಮುಂದೆ ಓದಿ. ಹಾಲು ಬೆರೆಸಿದ ಹಾಗೆ ಮಬ್ಬಾಗಿದ್ದರೆ ಅದು ಬ್ಯಾಕ್ಟೀರಿಯಾ, ಹೊಸ ಟ್ಯಾಂಕಿನಲ್ಲಿ ಮಾಮೂಲು, ಅದರ ದಾರಿಯೇ ಬೇರೆ. ಕಪ್ಪಿನಲ್ಲಿ ನೀರು ತಿಳಿಯಾಗಿದ್ದರೆ ಹಸಿರು ಇರುವುದು ಗಾಜಿನ ಮೇಲೆ, ಉಜ್ಜಿದರೆ ಹೋಗುತ್ತದೆ. ಗಾಜಿನ ಪಾಚಿ ತಿನ್ನಲು ತಂದ ಪ್ಲೆಕೋ ಮೀನು, ಬಸವನಹುಳು, ಸೀಗಡಿ ಇವ್ಯಾವುವೂ ನೀರಿನಲ್ಲಿ ತೇಲುವ ಪಾಚಿಯನ್ನು ಕಡಿಮೆ ಮಾಡುವುದಿಲ್ಲ. ಸುಮ್ನೆ ಟ್ಯಾಂಕಿನ ಜೀವಿಗಳ ಸಂಖ್ಯೆ ಜಾಸ್ತಿಯಾಗುತ್ತದೆ, ಅವುಗಳ ಹಿಕ್ಕೆಯೂ ಸೇರಿ.

ಮೀನಿಗೆ ತೊಂದರೆ ಇದೆಯಾ ಅಂದರೆ ಹಸಿರಿನಿಂದ ನೇರವಾಗಿ ಇಲ್ಲ. ಆದರೆ ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಎಳೆದುಕೊಳ್ಳುತ್ತದೆ. ನೀರು ದಟ್ಟ ಹಸಿರಾಗಿದ್ದು ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ರಾತ್ರಿಯಿಡೀ ಏರ್ ಪಂಪ್ ಓಡಲಿ.

ಖರ್ಚಿಲ್ಲದೆ ಕೆಲಸ ಮಾಡುವ ಉಪಾಯ ಪೂರ್ತಿ ಕತ್ತಲೆ. ಸುಮಾರು ಮೂರರಿಂದ ನಾಲ್ಕು ದಿನ. ಮೊದಲ ದಿನ ಅರ್ಧ ನೀರು ಬದಲಿಸಿ, ಲೈಟ್ ಆರಿಸಿ, ಇಡೀ ಟ್ಯಾಂಕಿಗೆ ದಪ್ಪ ಕಂಬಳಿ ಹೊದಿಸಿ. ಮೇಲ್ಭಾಗದಲ್ಲಿ ಗಾಳಿಯಾಡಲು ಸ್ವಲ್ಪ ಜಾಗವಿರಲಿ, ಫಿಲ್ಟರಿನ ಮೋಟಾರು ಹೊರಗಿದ್ದರೆ ಅದನ್ನು ಮುಚ್ಚಬೇಡಿ. ಏರ್ ಪಂಪ್ ಹಗಲು ರಾತ್ರಿ ಓಡಬೇಕು, ಇದರಲ್ಲಿ ಚೌಕಾಸಿ ಬೇಡ, ಯಾಕೆಂದರೆ ಸಾಯುವ ಪಾಚಿ ಕೊಳೆಯುವಾಗ ಆಮ್ಲಜನಕ ತಿನ್ನುತ್ತದೆ. ಊಟ ಹಾಕಬೇಡಿ. ಬೆಳೆದ ಆರೋಗ್ಯವಂತ ಮೀನು ಅಷ್ಟು ದಿನ ಉಪವಾಸ ಆರಾಮಾಗಿ ತಡೆಯುತ್ತದೆ (ಪುಟ್ಟ ಮರಿಗಳಿದ್ದರೆ ಮಾತ್ರ ಈ ಉಪಾಯ ಬೇಡ). ಗಟ್ಟಿ ಗಿಡಗಳೂ ತಡೆಯುತ್ತವೆ. ತಡೆಯದವರು ಮನೆಯವರೇ. ಕಂಬಳಿಯ ತುದಿ ಎತ್ತಿ ಟಾರ್ಚ್ ಬಿಟ್ಟು ಇಣುಕುವವರಿಗೆ ಕಾವಲು ಹಾಕಬೇಕಾಗುತ್ತದೆ.

ಕಂಬಳಿ ತೆಗೆಯುವ ದಿನ ಸೀದಾ ಟ್ಯಾಂಕ್ ಲೈಟ್ ಹಾಕಬೇಡಿ, ಮೀನುಗಳು ಬೆಚ್ಚಿ ಗಾಜಿಗೆ ಹೊಡೆದುಕೊಳ್ಳುತ್ತವೆ. ಮೊದಲು ಕೋಣೆಯ ಲೈಟ್, ಆಮೇಲೆ ಇದು. ಮೀನಿನ ಬಣ್ಣ ಪೇಲವವಾಗಿ ಕಾಣುತ್ತದೆ, ಕತ್ತಲೆಯಲ್ಲಿ ಅವು ಹಾಗೆಯೇ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ನೀರು ಗಾಜಿನಂತೆ ಇರುತ್ತದೆ ಅಂದುಕೊಳ್ಳಬೇಡಿ, ತುಸು ಬೂದು ಬಣ್ಣದ ಮಬ್ಬು ಇರಬಹುದು, ಎಲೆಗಳ ಮೇಲೆ ಮತ್ತು ಜಲ್ಲಿ ಸಂದಿಯಲ್ಲಿ ಕಂದು ಧೂಳು ಕೂತಿರುತ್ತದೆ, ಸ್ಪಂಜ್ ಮುಟ್ಟಿದರೆ ಲೋಳೆ. ಅದೆಲ್ಲ ಸತ್ತ ಪಾಚಿ. ಅದು ಅಲ್ಲೇ ಕೊಳೆತರೆ ಮತ್ತೆ ಅಮೋನಿಯಾ. ಅವತ್ತೇ ಆ ಧೂಳನ್ನು ಪೈಪಿನಿಂದ ಎಳೆದು ಅರ್ಧ ನೀರು ಬದಲಿಸಿ, ಕ್ಲೋರಿನ್ ತೆಗೆದ ನೀರೇ ಹಾಕಿ. ಬಕೆಟ್ಟಿನ ನಿಜವಾದ ಕೆಲಸ ಇರುವುದು ಈಗ.

ಆದರೆ ಹಸಿರಾಗಿದ್ದಕ್ಕೆ ಕಾರಣ ಹುಡುಕದಿದ್ದರೆ ಒಂದೆರಡು ವಾರದಲ್ಲಿ ವಾಪಸ್ ಬರುತ್ತದೆ. ಮೊದಲ ಅನುಮಾನ ಬೆಳಕಿನ ಮೇಲೆ. ಕಿಟಕಿಯ ಬಿಸಿಲು ದಿನದ ಒಂದಿಷ್ಟು ಹೊತ್ತು ನೇರವಾಗಿ ಬೀಳುತ್ತಿದ್ದರೆ ಆ ಕಡೆಯ ಗಾಜಿಗೆ ಕಪ್ಪು ಹಾಳೆ ಅಂಟಿಸಿ ಅಥವಾ ಟ್ಯಾಂಕಿನ ಜಾಗವನ್ನೇ ಬದಲಿಸಿ. ಲೈಟನ್ನು ಬೆಳಗ್ಗೆ ಎದ್ದಾಗ ಹಾಕಿ ಮಲಗುವಾಗ ಆರಿಸುವ ಅಭ್ಯಾಸ ತುಂಬಾ ಮನೆಗಳಲ್ಲಿದೆ, ಲೆಕ್ಕ ಹಾಕಿದರೆ 14 ಗಂಟೆ ಮೀರುತ್ತದೆ. ಗಿಡಗಳಿದ್ದರೂ 6ರಿಂದ 8 ಗಂಟೆ ಸಾಕು. ಟೈಮರ್ ಹಾಕಿಬಿಟ್ಟರೆ ನಮ್ಮ ನೆನಪಿನ ಮೇಲೆ ಭಾರವಿಲ್ಲ.

ಬೆಳಕು ಸರಿಯಿದ್ದೂ ಹಸಿರಾದರೆ ಗೊಬ್ಬರ ಎಲ್ಲಿಂದ ಬರುತ್ತಿದೆ ನೋಡಿ. ಹೊಸ ಟ್ಯಾಂಕಿಗೆ ಒಂದೇ ಸಲ ತುಂಬಾ ಮೀನು ಬಿಟ್ಟಿದ್ದು, ಜಲ್ಲಿಯನ್ನು ಬುಡಮೇಲು ಕೆದಕಿದ್ದು, ಫಿಲ್ಟರ್ ಹಿಂದೆ ಯಾರಿಗೂ ಕಾಣದೆ ಸತ್ತು ಬಿದ್ದಿರುವ ಮೀನು, ಎಲ್ಲಕ್ಕಿಂತ ಜಾಸ್ತಿ ಊಟ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿದರೆ ಸಾಕು, ಮೀನು ಗಾಜಿನ ಹತ್ತಿರ ಬಂದು ಕುಣಿದರೆ ಹಸಿವು ಅಂತಲ್ಲ, ನಿಮ್ಮನ್ನು ಕಂಡರೆ ಊಟ ಬರುತ್ತೆ ಅಂತ ಕಲಿತಿರುತ್ತದೆ. ಒಂದು ವಿಷಯ ನೆನಪಿರಲಿ: ಹಸಿರು ನೀರನ್ನು ಟೆಸ್ಟ್ ಕಿಟ್‌ನಲ್ಲಿ ನೋಡಿದರೆ ನೈಟ್ರೇಟ್ ಸೊನ್ನೆ ತೋರಿಸಬಹುದು. ನೀರು ಚೊಕ್ಕವಾಗಿದೆ ಅಂತಲ್ಲ, ಇದ್ದದ್ದನ್ನೆಲ್ಲ ಪಾಚಿ ಆಗಲೇ ತಿಂದಿದೆ ಅಂತ.

ತೇಲುವ ಗಿಡಗಳನ್ನು ನಾನು ಯಾವತ್ತೂ ಶಿಫಾರಸು ಮಾಡುತ್ತೇನೆ. ಅಂತರಗಂಗೆ ಅಥವಾ ಹಾರ್ನ್‌ವರ್ಟ್ ಒಂದು ಹಿಡಿ ಬಿಟ್ಟರೆ ನೆರಳೂ ಆಯಿತು, ಗೊಬ್ಬರ ಹೀರುವ ಪೈಪೋಟಿಯೂ ಆಯಿತು. ವಾರಕ್ಕೊಮ್ಮೆ ಅರ್ಧ ತೆಗೆದು ಹಾಕಬೇಕು, ಇಲ್ಲದಿದ್ದರೆ ಕೆಳಗಿನ ಗಿಡಗಳಿಗೆ ಬೆಳಕೇ ಸಿಗಲ್ಲ.

ಇಷ್ಟಾದರೂ ಬಗ್ಗದಿದ್ದರೆ ನೇರಳಾತೀತ ಬೆಳಕಿನಿಂದ ಪಾಚಿ ಕೊಲ್ಲುವ ಯುವಿ ದೀಪ. ನೀರು ದೀಪದ ಪಕ್ಕದಿಂದ ನಿಧಾನವಾಗಿ ಹರಿಯಬೇಕು, ಜೋರಾಗಿ ಹರಿದರೆ ಪಾಚಿಗೆ ಏನೂ ಆಗುವುದಿಲ್ಲ. ಸಾಮಾನ್ಯವಾಗಿ ಕೆಲವೇ ದಿನದಲ್ಲಿ ನೀರು ತಿಳಿಯಾಗುತ್ತದೆ. ಉರಿಯುತ್ತಿರುವ ದೀಪವನ್ನು ಬರಿಗಣ್ಣಿನಿಂದ ನೋಡಲೇಬೇಡಿ. ಬಲ್ಬ್ ಉರಿಯುತ್ತಿದ್ದರೂ ಕಾಲ ಕಳೆದಂತೆ ಅದರ ಶಕ್ತಿ ಇಳಿಯುತ್ತದೆ, ಬದಲಿಸಬೇಕು. ಪಾಚಿ ಕೊಲ್ಲುವ ಔಷಧಿಗಳು ನನಗೆ ಇಷ್ಟವಿಲ್ಲ. ತಾಮ್ರ ಇರುವಂಥವು ಸೀಗಡಿ, ಬಸವನಹುಳುಗಳನ್ನೂ ಮುಗಿಸುತ್ತವೆ, ಪಾಚಿ ಒಟ್ಟಿಗೇ ಸತ್ತರೆ ರಾತ್ರೋರಾತ್ರಿ ಆಮ್ಲಜನಕ ಕುಸಿಯುತ್ತದೆ.

ಇನ್ನು ತೆಗೆದ ಹಸಿರು ನೀರನ್ನು ಪೂರ್ತಿ ಚೆಲ್ಲಬೇಡಿ. ಮೀನಿಗೆ ಊಟವಾಗುವ ಡಾಫ್ನಿಯಾ ಎಂಬ ಪುಟ್ಟ ನೀರಿನ ಜೀವಿಯನ್ನು ಸಾಕುವವರು ಇದನ್ನು ಬೇಕಂತಲೇ ಬಿಸಿಲಲ್ಲಿಟ್ಟು ಬೆಳೆಸುತ್ತಾರೆ. ಒಂದು ಬಕೆಟ್ ಹಸಿರು ನೀರಿಗೆ ಚಿಟಿಕೆಯಷ್ಟು ಡಾಫ್ನಿಯಾ ಬಿಟ್ಟರೆ ಅವು ಪಾಚಿ ತಿಂದು ನೀರನ್ನು ತಿಳಿ ಮಾಡುತ್ತವೆ, ಮೀನಿನ ಮರಿಗಳಿಗೆ ಊಟವೂ ಸಿದ್ಧ. ಮೀನಿರುವ ಟ್ಯಾಂಕಿಗೇ ಸುರಿದರೆ ಮಾತ್ರ ಪ್ರಯೋಜನವಿಲ್ಲ, ಅವು ಪಾಚಿಗೆ ಬಾಯಿ ಹಾಕುವ ಮೊದಲೇ ಮೀನು ಅವುಗಳನ್ನು ಗುಳುಂ ಮಾಡಿರುತ್ತದೆ. ಮರಿಗಳನ್ನು ಬೇರೆಯಿಡಲು ಟ್ಯಾಂಕಿನೊಳಗೆ ಕಟ್ಟುವ ಸಣ್ಣ ಬಲೆ ಡಬ್ಬಿಯಿದ್ದರೆ ಡಾಫ್ನಿಯಾವನ್ನು ಅದರೊಳಗೆ ಬಿಟ್ಟು ನೋಡಿ.