ಔಟ್‌ಲಾ ಡಾಕ್ಯುಮೆಂಟರಿಯಲ್ಲಿ ವಿಲ್ಲಿ ನೆಲ್ಸನ್ ಯಾಕಿಲ್ಲ?

ಅಮೆರಿಕದ ಕಂಟ್ರಿ ಸಂಗೀತ ಎಲ್ಲಿಂದ ಶುರು ಮಾಡಲಿ ಅಂತ ಯಾರು ಕೇಳಿದರೂ ನಾನು 'ಹಾರ್ಟ್‌ವೋರ್ನ್ ಹೈವೇಸ್' ಅನ್ನೋ ಡಾಕ್ಯುಮೆಂಟರಿ ನೋಡಿ ಅನ್ನುತ್ತೇನೆ. ನೋಡಿ ಬಂದವರು ಕೇಳುವ ಪ್ರಶ್ನೆ ಯಾವಾಗಲೂ ಒಂದೇ. "ಔಟ್‌ಲಾ ಕಂಟ್ರಿ ಡಾಕ್ಯುಮೆಂಟರಿ ಅಂದ್ರಿ. ಅದರ ದೊಡ್ಡ ಹಾಡುಗಾರರಾದ ವಿಲ್ಲಿ ನೆಲ್ಸನ್ ಇಲ್ಲ, ವೇಲಾನ್ ಜೆನ್ನಿಂಗ್ಸ್ ಇಲ್ಲ, ವಿವರಿಸಿ ಹೇಳುವ ದನಿಯೂ ಇಲ್ಲ. ಮತ್ತೆ ಇದರಲ್ಲಿ ಇರೋದಾದ್ರೂ ಏನು?"

ಇದನ್ನು ಚಿತ್ರಿಸಿದ್ದು ಯಾವಾಗ ಅಂತ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. 1975ರ ಕೊನೆ, 1976ರ ಶುರು. ಔಟ್‌ಲಾ ಅಂದರೆ ಕಳ್ಳಕಾಕರಲ್ಲ. ಯಾವ ಹಾಡು ಹಾಡಬೇಕು, ಹಿಂದೆ ಯಾರು ನುಡಿಸಬೇಕು ಅನ್ನೋದನ್ನೆಲ್ಲ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನ ರೆಕಾರ್ಡ್ ಕಂಪನಿಗಳೇ ತೀರ್ಮಾನಿಸುತ್ತಿದ್ದ ಕಾಲದಲ್ಲಿ, ಅದು ನಮ್ಮ ಕೈಯಲ್ಲಿರಲಿ ಅಂತ ಹಟ ಹಿಡಿದವರು. 1976ರ ಜನವರಿಯಲ್ಲಿ ವಿಲ್ಲಿ, ವೇಲಾನ್ ಹಾಡಿದ 'ವಾಂಟೆಡ್! ದಿ ಔಟ್‌ಲಾಸ್' ಆಲ್ಬಮ್ ಬಂತು, ಪ್ಲಾಟಿನಮ್ ಆದ, ಅಂದರೆ ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲ ಕಂಟ್ರಿ ಆಲ್ಬಮ್ ಅದು. ಆಮೇಲೆ ಔಟ್‌ಲಾ ಅನ್ನೋದು ಮಾರಾಟದ ಹೆಸರಾಯಿತು. ನಿರ್ದೇಶಕ ಜೇಮ್ಸ್ ಝಲಾಪ್ಸ್ಕಿ ಕ್ಯಾಮೆರಾ ತಿರುಗಿಸಿದ್ದು ಇನ್ನೂ ಹೆಸರು ಮಾಡದ ಹಾಡುಕಟ್ಟುವವರ ಕಡೆಗೆ. ಜೈಲಿನಲ್ಲಿ ಕಾರ್ಯಕ್ರಮ ಕೊಡುವ ಡೇವಿಡ್ ಅಲನ್ ಕೋ ಒಬ್ಬನನ್ನು ಬಿಟ್ಟರೆ ಇಲ್ಲಿ ಯಾರೂ ಔಟ್‌ಲಾ ವೇಷ ಹಾಕಿಕೊಂಡಿಲ್ಲ.

ಅಂಥ ಹಾಡುಕಟ್ಟುವವರಲ್ಲೊಬ್ಬನಾದ ಗೈ ಕ್ಲಾರ್ಕ್ ಮನೆಯ ಕ್ರಿಸ್‌ಮಸ್ ರಾತ್ರಿಯನ್ನೇ ನೋಡಿ. ಮೇಜಿನ ಸುತ್ತ ಜನ, ಬಾಟಲಿ, ಸಿಗರೇಟಿನ ಹೊಗೆ, ಕೈಯಿಂದ ಕೈಗೆ ಹೋಗುವ ಹಾಡು. ಅಲ್ಲಿ ಹಾಡುವ ಸ್ಟೀವ್ ಅರ್ಲ್‌ಗೆ ಆಗ ಬರೀ 20 ವರ್ಷ, ಅವನ ಮೊದಲ ಆಲ್ಬಮ್ ಬಂದಿದ್ದು 1986ರಲ್ಲಿ! ಇವನು ಮುಂದೆ ದೊಡ್ಡವನಾಗ್ತಾನೆ ಅಂತ ಕ್ಯಾಮೆರಾಕ್ಕೆ ಗೊತ್ತಿಲ್ಲ, ಎಲ್ಲರ ಜೊತೆ ಅವನೂ ಒಬ್ಬ. ಹಾಗಾಗಿಯೇ ನನಗೆ ಇದರ ಮೇಲೆ ನಂಬಿಕೆ. ಇಪ್ಪತ್ತು ವರ್ಷ ಕಳೆದ ಮೇಲೆ ಮಾಡಿದ್ದರೆ ಗೆದ್ದವರಷ್ಟೇ ಕುರ್ಚಿ ಮೇಲೆ ಕೂತು ನೆನಪು ಹೇಳುತ್ತಿದ್ದರು, ಅಲ್ವಾ?

ಇನ್ನೊಂದು ದೃಶ್ಯವಂತೂ ಎಷ್ಟು ಸಲ ನೋಡಿದರೂ ಸಾಲದು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕ್ಲಾರ್ಕ್ಸ್‌ವಿಲ್ ಅಂತ ಒಂದು ಬಡಾವಣೆ ಇದೆ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ 1871ರಲ್ಲಿ ಕಟ್ಟಿಕೊಂಡಿದ್ದು. ಇನ್ನೊಬ್ಬ ಹಾಡುಕಟ್ಟುವವ ಟೌನ್ಸ್ ವ್ಯಾನ್ ಝಾಂಟ್ ಆಗ ಅಲ್ಲಿದ್ದ. ಅವನ ನೆರೆಯವನು ಸೀಮರ್ ವಾಷಿಂಗ್ಟನ್, ಕುದುರೆಗೆ ಲಾಳ ಹೊಡೆಯುತ್ತಿದ್ದ ಕಪ್ಪು ಅಜ್ಜ. ಟೌನ್ಸ್ ಅವನೆದುರು ಗಿಟಾರ್ ಹಿಡಿದು 'ವೇಟಿಂಗ್ ಅರೌಂಡ್ ಟು ಡೈ' ಹಾಡುತ್ತಾನೆ. ಕ್ಯಾಮೆರಾ ಹಾಡುಗಾರನನ್ನು ಬಿಟ್ಟು ಅಜ್ಜನ ಮುಖಕ್ಕೆ ಹೋಗುತ್ತದೆ. ಅವನ ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿದೆ. ಅವನಿಗೆ ಏನು ನೆನಪಾಯಿತು ಅಂತ ಯಾರೂ ಕೇಳುವುದಿಲ್ಲ, ಯಾರೂ ಬಿಡಿಸಿ ಹೇಳುವುದಿಲ್ಲ. ಆ ಹಾಡು ಎಂಥದ್ದು ಅಂತ ಆ ಮುಖ ನೋಡಿದರೆ ಸಾಕು, ತಿಳಿಯುತ್ತದೆ. ಇಲ್ಲಿ ವಿವರಣೆಯ ದನಿ ಬಂದಿದ್ದರೆ ಎಲ್ಲ ಕೆಡುತ್ತಿತ್ತು.

ವಿಲ್ಲಿ ನೆಲ್ಸನ್ ವಿಷಯಕ್ಕೆ ಬಂದರೆ, ಅವನು ಮತ್ತು ಇನ್ನೊಬ್ಬ ಕಂಟ್ರಿ ಹಾಡುಗಾರ ಮರ್ಲ್ ಹ್ಯಾಗರ್ಡ್ 1983ರಲ್ಲಿ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಒಯ್ದ 'ಪಾಂಚೋ ಅಂಡ್ ಲೆಫ್ಟಿ' ಹಾಡು ಬರೆದವನು ಇದೇ ಟೌನ್ಸ್. ಸಿನಿಮಾ ಥಿಯೇಟರ್ ಕಂಡಿದ್ದೇ 1981ರಲ್ಲಿ, ಅದೂ ಸದ್ದಿಲ್ಲದೆ. ಇವರ ಉಚ್ಚಾರ ಮೊದಮೊದಲು ಕಿವಿಗೆ ಹಿಡಿಯುವುದು ಕಷ್ಟ, ಹಾಗಾಗಿ ಸಬ್‌ಟೈಟಲ್ ಸಿಕ್ಕರೆ ಹಾಕಿಕೊಳ್ಳಿ. ಮತ್ತೆ, ದಯವಿಟ್ಟು ಫೋನಿನಲ್ಲಿ ಓಡಿಸಿ ಓಡಿಸಿ ನೋಡಬೇಡಿ.