ನೀತಿ ಮನೆಯಲ್ಲೇ ಬರಬೇಕಲ್ವಾ, ಕ್ಲಾಸಿನಲ್ಲಿ ಏನು ಕಲಿಸ್ತೀರಿ?

ನಾನು ನರ್ಸಿಂಗ್ ಓದುವ ಮಕ್ಕಳಿಗೆ ನೀತಿಶಾಸ್ತ್ರದ ಪಾಠ ಮಾಡುತ್ತೇನೆ. ಹಾಗಂದ ತಕ್ಷಣ ಎದುರಿಗಿದ್ದವರು ಒಂದೇ ಪ್ರಶ್ನೆ ಕೇಳುತ್ತಾರೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಅಡ್ಮಿಷನ್ ದಿನ ಅಪ್ಪ ಅಮ್ಮಂದಿರು ಕೇಳುತ್ತಾರೆ. "ಇಂಜೆಕ್ಷನ್ ಕೊಡೋದು ಕಲಿಸಿ ಮೇಡಂ, ಸರಿ. ಸುಳ್ಳು ಹೇಳಬಾರದು, ಕದಿಯಬಾರದು ಅನ್ನೋದನ್ನ ಹತ್ತೊಂಬತ್ತು ವರ್ಷದ ಹುಡುಗಿಗೆ ಹೊಸದಾಗಿ ಏನು ಕಲಿಸ್ತೀರಿ? ಅದು ಮನೆಯಲ್ಲೇ ಬರಬೇಕಲ್ವಾ?"

ಬರಬೇಕು. ಬಂದಿರುತ್ತದೆ ಕೂಡ. ಸುಳ್ಳು ಒಳ್ಳೆಯದು ಅಂದುಕೊಂಡ ಹುಡುಗಿ ನನ್ನ ಕ್ಲಾಸಿಗೆ ಇದುವರೆಗೆ ಬಂದಿಲ್ಲ. ನಿಜ ಹೇಳಬೇಕು, ದೊಡ್ಡವರ ಮಾತು ಕೇಳಬೇಕು, ಯಾರ ಮನಸ್ಸನ್ನೂ ನೋಯಿಸಬಾರದು. ಇಷ್ಟೂ ಅವರಿಗೆ ಗೊತ್ತು. ಈ ಮೂರೂ ಒಂದೇ ರಾತ್ರಿ, ಒಂದೇ ಮಂಚದ ಪಕ್ಕ ಒಂದಕ್ಕೊಂದು ಅಡ್ಡ ನಿಂತರೆ ಏನು ಮಾಡಬೇಕು ಅನ್ನೋದು ಮಾತ್ರ ಯಾರ ಮನೆಯಲ್ಲೂ ಹೇಳಿಕೊಟ್ಟಿರುವುದಿಲ್ಲ.

ಅಂಥ ಒಂದು ರಾತ್ರಿಯ ಕಥೆ ಹೇಳುತ್ತೇನೆ. ಎರಡನೇ ವರ್ಷದ ಹುಡುಗಿ, ವಾರ್ಡಿನಲ್ಲಿ ಅವಳ ಮೊದಲ ನೈಟ್ ಡ್ಯೂಟಿ. ಹಾವೇರಿ ಕಡೆಯ ಒಬ್ಬ ಅಜ್ಜ ಅಡ್ಮಿಟ್ ಆಗಿದ್ದರು. ಹೊಟ್ಟೆಯ ಕ್ಯಾನ್ಸರ್, ಆಗಲೇ ಲಿವರಿಗೂ ಹರಡಿತ್ತು. ಸಂಜೆ ಮಗ ಕಾರಿಡಾರಿನಲ್ಲಿ ಇವಳನ್ನು ನಿಲ್ಲಿಸಿ ಕೈಮುಗಿದಿದ್ದ. "ಸಿಸ್ಟರ್, ಅಪ್ಪಗ ಏನೂ ಹೇಳಬ್ಯಾಡ್ರಿ. ಅಲ್ಸರ್ ಅಂತ ಹೇಳೇವಿ. ಗೊತ್ತಾದ್ರ ಅವತ್ತ ಎದಿ ಒಡಕೊಂತಾರ." ರಾತ್ರಿ ಎರಡು ಗಂಟೆಗೆ ಬಿಪಿ ನೋಡಲು ಹೋದರೆ ಅಜ್ಜ ಎಚ್ಚರವಾಗಿದ್ದರು. ಇವಳ ಕೈ ಹಿಡಿದುಕೊಂಡು ಕೇಳಿದರು: "ಯವ್ವಾ, ನಂಗೇನಾಗೇತಿ? ಖರೇ ಹೇಳು."

ಈಗ ನೀವು ಹೇಳಿ. ಯಾವ ಮನೆಪಾಠ ಇಲ್ಲಿ ದಾರಿ ತೋರಿಸುತ್ತದೆ?

ನನ್ನ ಮೊದಲ ಕ್ಲಾಸ್ ಶುರುವಾಗುವುದೇ ಈ ಕೇಸಿನಿಂದ. ಬೋರ್ಡಿನ ಮೇಲೆ ಇಷ್ಟನ್ನೂ ಬರೆದು, ಇವಳು ಏನು ಹೇಳಬೇಕಿತ್ತು ಅಂತ ಕೇಳುತ್ತೇನೆ. ಯಾವ ತತ್ವಜ್ಞಾನಿಯ ಹೆಸರನ್ನೂ ಆಗ ಎತ್ತುವುದಿಲ್ಲ. ಹೆಸರು ಮೊದಲು ಹೇಳಿದರೆ ಮಕ್ಕಳು ಯೋಚಿಸುವುದನ್ನು ಬಿಟ್ಟು ನೋಟ್ಸ್ ಬರೆಯೋಕೆ ಶುರು ಮಾಡುತ್ತಾರೆ. ಸುಮ್ನೆ ಕೈ ಎತ್ತಿ ಅನ್ನುತ್ತೇನೆ. ಸಾಮಾನ್ಯವಾಗಿ ಅರ್ಧ ಜನ "ಹೇಳಬಾರದು", ಅರ್ಧ ಜನ "ಹೇಳಬೇಕು". ಆಮೇಲೆ ಒಂದೇ ಪದ ಬರೆಯುತ್ತೇನೆ: ಯಾಕೆ? ನನ್ನ ಪಾಠವೆಲ್ಲ ಆ ಒಂದು ಪದದಲ್ಲಿದೆ.

"ಹೇಳಿದರೆ ಅಜ್ಜ ಕುಗ್ಗಿ ಹೋಗ್ತಾರೆ, ಊಟ ಬಿಡ್ತಾರೆ, ಮನೆಯವರಿಗೂ ಸಂಕಟ. ಹೇಳದಿದ್ರೆ ಯಾರಿಗೇನು ನಷ್ಟ?" ಅಂತ ಒಬ್ಬಳು ಹೇಳುತ್ತಾಳೆ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ ಮೇಡಂ" ಅಂತ ಪಕ್ಕದವಳು ಸೇರಿಸುತ್ತಾಳೆ. ಅವರಿಬ್ಬರೂ ಕೆಲಸವನ್ನು ಅದರ ಫಲದಿಂದ ಅಳೆಯುತ್ತಿದ್ದಾರೆ. ಇಂಗ್ಲೆಂಡಿನ ಜೆರೆಮಿ ಬೆಂಥಾಮ್ 1789ರಲ್ಲಿ, ಅವನ ನಂತರ ಜಾನ್ ಸ್ಟುವರ್ಟ್ ಮಿಲ್ ಕಟ್ಟಿ ನಿಲ್ಲಿಸಿದ ಯೋಚನೆಯೂ ಇದೇ. ಯಾವುದರಿಂದ ಎಲ್ಲರಿಗೂ ಸೇರಿ ಹೆಚ್ಚು ಸುಖ, ಕಡಿಮೆ ನೋವು ಆಗುತ್ತದೋ ಅದು ಸರಿ. ನಾನು ಅವಳನ್ನು ಅಲ್ಲಿಗೇ ಬಿಡುವುದಿಲ್ಲ. ಲೆಕ್ಕ ಹಾಕುವುದಾದರೆ ಪೂರ್ತಿ ಹಾಕು ಅನ್ನುತ್ತೇನೆ. ಅಜ್ಜ ಜಮೀನು ಪಾಲು ಮಾಡಬೇಕೆಂದಿದ್ದರೆ? ಮುನಿಸಿಕೊಂಡ ತಮ್ಮನನ್ನು ಕರೆಸಬೇಕೆಂದಿದ್ದರೆ? ನಾಳೆ ಕೀಮೋ ವಾರ್ಡಿನ ಬೋರ್ಡು ಓದಿ ಅವರಿಗೇ ಗೊತ್ತಾದರೆ, ಆಮೇಲೆ ನೀನು ಕೊಡುವ ಮಾತ್ರೆಯನ್ನು ನಂಬುತ್ತಾರಾ? "ಯಾರಿಗೇನು ನಷ್ಟ" ಅಂದವಳು ಆಗ ಮತ್ತೆ ಲೆಕ್ಕಕ್ಕೆ ಕೂರುತ್ತಾಳೆ.

ಇನ್ನೊಬ್ಬಳು ಎದ್ದು ನಿಲ್ಲುತ್ತಾಳೆ. "ಅವರ ಮೈ ಅದು, ಅವರು ಕೇಳ್ತಿದ್ದಾರೆ. ಫಲ ಏನೇ ಆಗಲಿ, ಸುಳ್ಳು ಹೇಳೋಕೆ ನಮಗೆ ಹಕ್ಕಿಲ್ಲ." ಇದು ಕರ್ತವ್ಯದ ದಾರಿ, ಜರ್ಮನಿಯ ತತ್ವಜ್ಞಾನಿ ಇಮಾನ್ಯುಯೆಲ್ ಕಾಂಟ್ ಹಿಡಿದ ದಾರಿ. ಮನುಷ್ಯರನ್ನು ಬರೀ ಸಾಧನದ ಹಾಗೆ ಬಳಸಬೇಡ, ಎಲ್ಲರೂ ಪಾಲಿಸಲಿ ಅಂತ ನೀನು ಬಯಸಬಲ್ಲ ನಿಯಮದ ಪ್ರಕಾರ ಮಾತ್ರ ನಡೆ ಅಂದವನು ಅವನು. 1797ರಲ್ಲಿ ಇನ್ನೂ ಮುಂದೆ ಹೋದ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನಾ ಅಂತ ಕೇಳಿದರೂ ಸುಳ್ಳು ಹೇಳಬಾರದು ಅಂತ ಬರೆದ. ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಗಲಾಟೆ ಏಳುತ್ತದೆ. ಏಳಲಿ ಅಂತಲೇ ಹೇಳುವುದು. ನನಗೂ ಕಾಂಟನ ಈ ಮಾತು ಒಪ್ಪಿಗೆಯಿಲ್ಲ. ಆದರೆ ನಮ್ಮ ಕಾನೂನು ಈ ಹುಡುಗಿಯ ಕಡೆ ಜಾಸ್ತಿ ವಾಲಿದೆ ಅನ್ನೋದನ್ನೂ ತಿಳಿಸುತ್ತೇನೆ. 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನ ತೀರ್ಪು ಕೊಟ್ಟಿತು. ಪರೀಕ್ಷೆಗೆಂದು ಅನಸ್ತೇಶಿಯಾ ಕೊಟ್ಟು ಮಲಗಿಸಿದ್ದ ಹೆಂಗಸಿನ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಬಿಟ್ಟಿದ್ದರು. ವಯಸ್ಸಿಗೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಬದಲು ಮನೆಯವರು ಕೊಟ್ಟ ಆ ಒಪ್ಪಿಗೆ ನಿಲ್ಲುವುದಿಲ್ಲ ಅಂತ ಕೋರ್ಟ್ ಹೇಳಿತು.

ಒಂದು ವರ್ಷ ಕಾಂಟನ ಪಾಠದ ನಡುವೆ ಒಬ್ಬಳು "ಮೇಡಂ, ಇದು ಪುಣ್ಯಕೋಟಿ!" ಅಂದಳು. ಸರಿಯಾಗೇ ಹೇಳಿದ್ದಳು. ಹುಲಿಗೆ ಮಾತು ಕೊಟ್ಟ ಹಸು, ಸಾಯುವುದು ಗೊತ್ತಿದ್ದೂ ವಾಪಸ್ ಹೋಗುತ್ತದೆ. ಹಿಂದಿನ ಬೆಂಚಿನಿಂದ ಕೂಡಲೇ ಜಗಳ: "ಮಾತು ಉಳಿಸಿಕೊಂಡಳು ಸರಿ, ಕರುವಿನ ಗತಿ?" ಆ ಮಾತಿನಿಂದ ನಾವೆಲ್ಲ ಬಾಯಿಪಾಠ ಮಾಡಿದ ಕಥೆ ಮತ್ತೆ ತೆರೆದುಕೊಂಡಿತು. ಯಾಕಂದರೆ ಪುಣ್ಯಕೋಟಿ ಕರುವನ್ನು ಹಾಗೇ ಬಿಟ್ಟು ಹೋಗುವುದಿಲ್ಲ. ದೊಡ್ಡಿಯ ಉಳಿದ ಹಸುಗಳನ್ನು ಅಕ್ಕ ತಂಗಿಯರೇ ಎಂದು ಕರೆದು, ಇವನನ್ನು ಹಾಯಬೇಡಿ, ಒದೆಯಬೇಡಿ, ನಿಮ್ಮ ಮಗನಂತೆ ನೋಡಿಕೊಳ್ಳಿ ಅಂತ ಒಪ್ಪಿಸಿ ಹೋಗುತ್ತಾಳೆ. ನಾವು ಮಕ್ಕಳಿಗೆ ಹೇಳುವಾಗ ಸತ್ಯದ ಭಾಗವನ್ನೇ ಎತ್ತಿ ಹೇಳುತ್ತೇವೆ. ಕರುವನ್ನು ಒಪ್ಪಿಸುವ ಭಾಗವೂ ಅಷ್ಟೇ ದೊಡ್ಡದು ಅಂತ ನನಗೆ ಅನ್ನಿಸಿದ್ದು ಅವತ್ತು.

ಅರಿಸ್ಟಾಟಲನಿಗೆ ನಾನು ಕೊಡುವುದು ಒಂದೇ ಕ್ಲಾಸ್. ಯಾವ ಕೆಲಸ ಸರಿ ಅಂತ ಕೇಳುವ ಮುಂಚೆ, ಒಳ್ಳೆಯ ಮನುಷ್ಯ ಹೇಗಿರುತ್ತಾನೆ ಅಂತ ಕೇಳಿದವನು ಅವನು. ಹೇಡಿತನ ಮತ್ತು ಹುಂಬತನದ ನಡುವೆ ಧೈರ್ಯ ಇದೆ, ಅದು ಮಾಡಿ ಮಾಡಿಯೇ ಬರುತ್ತದೆ ಅಂದ. ನರ್ಸಿಂಗ್ ಮಕ್ಕಳಿಗೆ ಇದನ್ನು ವಿವರಿಸುವುದೇ ಬೇಡ. ಮೊದಲ ದಿನ ಸೂಜಿ ಹಿಡಿದ ಕೈ ಹೇಗೆ ನಡುಗಿತ್ತು, ನೂರನೇ ಸಲ ಹೇಗಿತ್ತು ಅಂತ ಅವರಿಗೇ ಗೊತ್ತು.

ಜಾಸ್ತಿ ಹೊತ್ತು ನಿಲ್ಲುವುದು ಹನ್ನೊಂದು ವರ್ಷದ ಒಬ್ಬ ಹುಡುಗಿಯ ಹತ್ತಿರ. ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ ಮಕ್ಕಳಿಗೆ ಒಂದು ಕಥೆ ಹೇಳಿ ಪ್ರಶ್ನೆ ಕೇಳುತ್ತಿದ್ದ. ಹೈಂಜ್ ಎಂಬವನ ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಳೆ. ಊರಿನ ಔಷಧಿ ವ್ಯಾಪಾರಿ 200 ಡಾಲರ್ ಖರ್ಚಿನ ಔಷಧಕ್ಕೆ 2,000 ಕೇಳುತ್ತಾನೆ. ಎಲ್ಲಿ ತಿರುಗಿದರೂ ಹೈಂಜ್‌ಗೆ ಸಿಕ್ಕಿದ್ದು 1,000. ಅವನು ಕದಿಯಬಹುದಾ? ಜೇಕ್ ಎಂಬ ಹುಡುಗ ತಟ್ಟನೆ ಹೇಳಿದ: ಕದಿಯಬೇಕು, ಜೀವ ಹಣಕ್ಕಿಂತ ದೊಡ್ಡದು. ಅದೇ ವಯಸ್ಸಿನ ಏಮಿ ತಡವರಿಸಿದಳು. ಕದ್ದರೆ ಜೈಲಿಗೆ ಹೋಗಬಹುದು, ಹೆಂಡತಿಗೆ ಮತ್ತೆ ಕಾಯಿಲೆ ಜಾಸ್ತಿಯಾದರೆ ಆಗ ಯಾರು ನೋಡಿಕೊಳ್ಳುತ್ತಾರೆ? ಸಾಲ ಸಿಗುತ್ತದಾ ನೋಡಬಹುದು, ಎಲ್ಲರೂ ಕೂತು ಮಾತಾಡಿ ಬೇರೆ ದಾರಿ ಹುಡುಕಬೇಕು ಅಂದಳು. ಮಕ್ಕಳ ನೈತಿಕ ಯೋಚನೆ ಎಷ್ಟು ಬೆಳೆದಿದೆ ಅಂತ ಅಳೆಯಲು ಕೋಲ್‌ಬರ್ಗ್ ಕಟ್ಟಿದ ಏಣಿಯಲ್ಲಿ ಏಮಿಗೆ ಕೆಳಗಿನ ಮೆಟ್ಟಿಲು. ಆ ಏಣಿಯನ್ನು ಕಟ್ಟಿದ್ದೇ ಗಂಡುಹುಡುಗರ ಉತ್ತರ ಕೇಳಿ. ಅವನ ಜೊತೆಗೇ ಕೆಲಸ ಮಾಡಿದ್ದ ಕ್ಯಾರೊಲ್ ಗಿಲಿಗನ್ 1982ರಲ್ಲಿ, ಏಮಿ ಹಿಂದೆ ಬಿದ್ದಿಲ್ಲ, ಅವಳು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾಳೆ ಅಂತ ತೋರಿಸಿದಳು. ಇಲ್ಲಿ ಯಾರು ಯಾರನ್ನು ನಂಬಿಕೊಂಡಿದ್ದಾರೆ, ಸಂಬಂಧ ಹರಿಯದ ಹಾಗೆ ಇದನ್ನು ಹೇಗೆ ದಾಟುವುದು? ಇದು ಆರೈಕೆಯ ದಾರಿ. ಹೆಂಗಸರಿಗೆ ಮಾತ್ರ ಸೇರಿದ್ದು ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ಓದುವ ಗಂಡುಹುಡುಗರೂ ಏಮಿಯ ಹಾಗೇ ಯೋಚಿಸುವುದನ್ನು ನೋಡಿದ್ದೇನೆ.

ಇಷ್ಟಾದ ಮೇಲೆ ಅರುಣಾ ಶಾನಭಾಗ್ ಅವರ ಕಥೆಗೆ ಬರುತ್ತೇನೆ. ಉತ್ತರ ಕನ್ನಡದ ಹಳದೀಪುರದ ಹುಡುಗಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಚೈನಿನಿಂದ ಕುತ್ತಿಗೆ ಬಿಗಿದು ಅವರ ಮೇಲೆ ದೌರ್ಜನ್ಯ ಮಾಡಿದ. ಮೆದುಳಿಗೆ ಆಮ್ಲಜನಕ ಹೋಗಲಿಲ್ಲ. ಆಮೇಲೆ ಅವರು ಮೊದಲಿನಂತಾಗಲೇ ಇಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರ ಬಗ್ಗೆ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ, ಇವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ನೆಮ್ಮದಿಯಿಂದ ಹೋಗಲು ಬಿಡಿ ಅಂತ ಸುಪ್ರೀಂ ಕೋರ್ಟಿಗೆ ಹೋದರು. ಕೆಇಎಂ ನರ್ಸುಗಳು, ಇಲ್ಲ, ನಾವು ನೋಡಿಕೊಳ್ಳುತ್ತೇವೆ ಅಂದರು. 2011ರ ಮಾರ್ಚ್ 7ರಂದು ಕೋರ್ಟ್ ಆ ಮನವಿಯನ್ನು ಒಪ್ಪಲಿಲ್ಲ. ಅರುಣಾ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ಆರೈಕೆ ಮಾಡಿದ ಆಸ್ಪತ್ರೆಯವರದ್ದು ಅಂದಿತು. ಅದೇ ತೀರ್ಪಿನಲ್ಲಿ, ಕೆಲವು ಸಂದರ್ಭಗಳಲ್ಲಿ ಹೈಕೋರ್ಟಿನ ಒಪ್ಪಿಗೆ ಪಡೆದು ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಬಹುದು ಅಂತಲೂ ಹೇಳಿತು. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಕೊನೆಗಾಲದ ಚಿಕಿತ್ಸೆ ಹೇಗಿರಬೇಕು ಅಂತ ನಾವೇ ಮೊದಲೇ ಬರೆದಿಡಬಹುದು ಅಂತ ಒಪ್ಪಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿತು.

ತೀರ್ಪಿನಲ್ಲಿರುವ ಒಂದು ಸಣ್ಣ ವಿಷಯವನ್ನು ಮಕ್ಕಳ ಮುಂದೆ ಇಡುತ್ತೇನೆ. ಅಷ್ಟು ವರ್ಷ ಮಲಗಿದಲ್ಲೇ ಇದ್ದರೂ ಅರುಣಾ ಅವರ ಮೈಮೇಲೆ ಒಂದೇ ಒಂದು ಬೆಡ್‌ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು, ಇರಲಿಲ್ಲ. ಹೊರಗಿನವರಿಗೆ ಇದು ಒಂದು ಸಾಲು. ನಮ್ಮ ಮಕ್ಕಳು ಇದನ್ನು ಕೇಳಿ ಸುಮ್ಮನಾಗುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು ಒರೆಸಬೇಕು, ಹಾಸಿಗೆಯ ಸುಕ್ಕು ತೆಗೆಯಬೇಕು. ಒಂದು ವಾರ ಮಾಡಿದವರ ಸೊಂಟ ಬೀಳುತ್ತದೆ. ನಲವತ್ತೊಂದು ವರ್ಷ, ಒಂದು ತಲೆಮಾರಿನ ನರ್ಸುಗಳು ರಿಟೈರ್ ಆಗಿ ಮುಂದಿನವರು ಬಂದರೂ ಅದು ನಿಲ್ಲಲಿಲ್ಲ. ಆಗ ಒಬ್ಬಳು ಮೆಲ್ಲಗೆ ಕೇಳುತ್ತಾಳೆ: "ಆದ್ರೆ ಮೇಡಂ, ಅರುಣಾ ಅವರಿಗೆ ಏನು ಬೇಕಿತ್ತು?" ಆ ಪ್ರಶ್ನೆ ಪಿಂಕಿ ವಿರಾನಿಯವರದ್ದು. ಎರಡೂ ಕಡೆಯವರೂ ಅರುಣಾ ಮೇಲಿನ ಕಾಳಜಿಯಿಂದಲೇ ವಾದ ಮಾಡಿದವರು. ಈ ಕೇಸಿನಲ್ಲಿ ನನ್ನ ಮನಸ್ಸು ನರ್ಸುಗಳ ಕಡೆ. ಅದನ್ನು ಮಕ್ಕಳಿಗೆ ಮುಚ್ಚಿಡುವುದಿಲ್ಲ, ಕೊನೆಯ ಹತ್ತು ನಿಮಿಷದಲ್ಲಿ ಮಾತ್ರ ಹೇಳುತ್ತೇನೆ.

ಹೀಗೆ ನಾಲ್ಕು ದಾರಿ ತೋರಿಸಿದರೆ ಮಕ್ಕಳು "ಅವರವರಿಗೆ ಅವರವರದ್ದೇ ಸರಿ" ಅನ್ನೋದಿಲ್ವಾ ಅಂತ ಕೆಲವರು ಕೇಳುತ್ತಾರೆ. ಅನ್ನುತ್ತಾರೆ, ಪ್ರತಿ ವರ್ಷ. ಆಗ ನಾನು ಕೇಳುತ್ತೇನೆ: "ಎಚ್‌ಐವಿ ಇರೋ ರೋಗಿಯ ಗಾಯಕ್ಕೆ ಡ್ರೆಸ್ಸಿಂಗ್ ಮಾಡಲ್ಲ ಅಂತ ಒಬ್ಬಳು ನರ್ಸ್ ಹೇಳ್ತಾಳೆ. ಅವಳಿಗೆ ಅವಳದ್ದು ಸರಿ, ಬಿಟ್ಟುಬಿಡೋಣವಾ?" ಇಡೀ ಕ್ಲಾಸ್ "ಇಲ್ಲ" ಅನ್ನುತ್ತದೆ. ಇಲ್ಲಿ ಯಾವ ದಾರಿ ಹಿಡಿದರೂ ಅವಳದ್ದು ತಪ್ಪೇ. ಕೆಲವು ಪ್ರಶ್ನೆಗೆ ಉತ್ತರ ಕಷ್ಟ ಅಂದ ಮಾತ್ರಕ್ಕೆ ಎಲ್ಲ ಉತ್ತರವೂ ಸಮ ಆಗುವುದಿಲ್ಲ. ಇಂಟರ್ನಲ್ ಪರೀಕ್ಷೆಯಲ್ಲೂ ನಾನು ಇದನ್ನೇ ನೋಡುತ್ತೇನೆ. ನೀವು ಒಪ್ಪದ ಕಡೆಯ ವಾದವನ್ನು, ಆ ಕಡೆಯವರು ಓದಿದರೆ ಭೇಷ್ ಅನ್ನುವಷ್ಟು ಚೆನ್ನಾಗಿ ಬರೆಯಿರಿ, ಆಮೇಲೆ ನಿಮ್ಮ ಉತ್ತರ ಹೇಳಿ. ಮೊದಲ ಭಾಗಕ್ಕೇ ಹೆಚ್ಚು ಅಂಕ.

ಆ ರಾತ್ರಿ ನಮ್ಮ ಹುಡುಗಿ ಅಜ್ಜನಿಗೆ ಸುಳ್ಳು ಹೇಳಲಿಲ್ಲ. ರೋಗದ ಹೆಸರನ್ನೂ ಹೇಳಲಿಲ್ಲ, ಅದನ್ನು ಹೇಳುವುದು ಡಾಕ್ಟರ ಕೆಲಸ. ಸ್ಟೂಲ್ ಎಳೆದುಕೊಂಡು ಕೂತು, "ಅಜ್ಜಾರ, ನಿಮಗ ಏನು ತಿಳಕೊಬೇಕಂತ ಅನಸೇತಿ?" ಅಂದಳಂತೆ. ಅಜ್ಜ ಸ್ವಲ್ಪ ಹೊತ್ತು ಬಿಟ್ಟು, "ಮೆಣಸಿನಕಾಯಿ ಬಿಡಿಸೋ ಹೊತ್ತಿಗೆ ನಾ ಊರಾಗ ಇರತೇನೋ ಇಲ್ಲೋ, ಅಷ್ಟ ಹೇಳ್ರಿ" ಅಂದರಂತೆ. ಬೆಳಿಗ್ಗೆ ಅವಳು ಅದನ್ನು ಡಾಕ್ಟರಿಗೆ ಹೇಳಿದಳು. ಡಾಕ್ಟರು ಮೊದಲು ಮಗನ ಜೊತೆ, ಆಮೇಲೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಜ್ಜನ ಜೊತೆ ಮಾತಾಡಿದರು. ಅಜ್ಜ ಊರಿಗೆ ಹೋದರು.

ಅಂದಿನಿಂದ ಪ್ರತಿ ವರ್ಷ ಈ ಕೇಸನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಅವಳು ಮಾಡಿದ್ದು ಸರಿಯೇ ಅಂತ ಎಲ್ಲರೂ ಒಪ್ಪಿದ ವರ್ಷ ಇನ್ನೂ ಬಂದಿಲ್ಲ. ಈ ಸಲ ಕಿಟಕಿ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ಕೈ ಎತ್ತಿ ಕೇಳಿದಳು: "ಮೇಡಂ, ಆ ಮಗನಿಗೆ ಯಾಕೆ ಅಷ್ಟು ಭಯ ಇತ್ತು ಅಂತ ಸಂಜೆ ಕಾರಿಡಾರಿನಲ್ಲೇ ಯಾರಾದರೂ ಅವನನ್ನ ಕೇಳಿದ್ರಾ?" ಇಲ್ಲ, ಯಾರೂ ಕೇಳಿರಲಿಲ್ಲ. ಮುಂದಿನ ಬುಧವಾರದ ಕ್ಲಾಸ್ ಆ ಪ್ರಶ್ನೆಯಿಂದಲೇ ಶುರುವಾಗುತ್ತದೆ.