ಬೆಂಗಳೂರಿಗೆ ಬಂದ ಕೇಪಳದ ಎಲೆ ಯಾಕೆ ಹಳದಿಯಾಗುತ್ತದೆ?

"ಊರಿಂದ ಕೇಪಳದ ಗಿಡ ತಂದು ಕುಂಡದಲ್ಲಿ ನೆಟ್ಟೆ. ಮೊದಮೊದಲು ಚೆನ್ನಾಗಿತ್ತು, ಈಗ ಚಿಗುರೆಲ್ಲ ಹಳದಿ. ಯಾವ ಗೊಬ್ಬರ ಹಾಕಲಿ?" ಕರಾವಳಿಯಿಂದ ಬೆಂಗಳೂರಿಗೆ ಬಂದು ನೆಲೆಸಿದವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಕೇಪಳ ಅಂದರೆ ಕರಾವಳಿಯ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ, ಕೆಂಪು ಹೂಗೊಂಚಲಿನ, ಇಕ್ಸೋರಾ ಜಾತಿಯ ಪೊದೆ ಗಿಡ. ಗೊಬ್ಬರ ಆಮೇಲೆ ನೋಡೋಣ, ಮೊದಲು ನೀರು ಬದಲಿಸಿ ಎನ್ನುತ್ತೇನೆ.

ಎಲೆಯನ್ನು ಹತ್ತಿರದಿಂದ ನೋಡಿ. ಕೆಳಗಿನ ಹಳೆಯ ಎಲೆಗಳು ಹಸಿರಾಗಿಯೇ ಇದ್ದು, ತುದಿಯ ಎಳೆ ಎಲೆಗಳು ಮಾತ್ರ ಹಳದಿಯಾಗಿವೆಯಾ? ಆ ಹಳದಿಯ ನಡುವೆ ನರಗಳು ಹಸಿರಾಗಿ ಎದ್ದು ಕಾಣುತ್ತವೆಯಾ? ಹಾಗಿದ್ದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟು ಇರಬಹುದು. ಮಣ್ಣು ಕ್ಷಾರವಾದರೆ ಅದು ನೀರಿನಲ್ಲಿ ಕರಗುವುದಿಲ್ಲ, ಕರಗದ್ದನ್ನು ಬೇರು ಹೀರುವುದಿಲ್ಲ.

ಕೇಪಳ ಹುಟ್ಟಿ ಬೆಳೆದ ಜಾಗ ಎಂಥದ್ದು ಅಂತ ನೆನಪಿಸಿಕೊಳ್ಳಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಆ ಮಳೆಗೆ ಸುಣ್ಣದ ಅಂಶವೆಲ್ಲ ತೊಳೆದುಹೋಗಿ ಹುಳಿ ಮಣ್ಣು ಉಳಿಯುತ್ತದೆ. ಕೇಪಳಕ್ಕೆ ಬೇಕಾದ್ದು ಅದೇ. ಬೆಂಗಳೂರಿನ ಕೆಮ್ಮಣ್ಣೇನೂ ಕೆಟ್ಟದ್ದಲ್ಲ. ಆದರೆ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಅಂಚಿನಲ್ಲಿ ಬಿಳಿ ಕಲೆ ಕಟ್ಟುತ್ತದಲ್ಲ, ಅದೇ ಸುಣ್ಣ ದಿನಾ ಕುಂಡಕ್ಕೂ ಇಳಿದು ಮಣ್ಣನ್ನು ಕ್ಷಾರ ಮಾಡುತ್ತದೆ. ಗಿಡ ನೆಲದಲ್ಲಿದ್ದರೆ ಕಾಂಪೌಂಡ್ ಗೋಡೆಯ ಸಿಮೆಂಟ್ ಕೂಡ ಅದೇ ಕೆಲಸ ಮಾಡುತ್ತದೆ.

ಆದ್ದರಿಂದ ಆದಷ್ಟು ಮಳೆನೀರು ಹಿಡಿದು ಹಾಕಿ. ಒಲೆಯ ಬೂದಿ, ಮೊಟ್ಟೆ ಸಿಪ್ಪೆ ಎರಡೂ ಬೇಡವೇ ಬೇಡ. ಬೇರೆ ಗಿಡಕ್ಕೆ ಒಳ್ಳೆಯದಿರಬಹುದು, ಕೇಪಳಕ್ಕೆ ತೊಂದರೆ. ಕೆಮ್ಮಣ್ಣಿಗೆ ಚೆನ್ನಾಗಿ ಕಳಿತ ಎಲೆಗೊಬ್ಬರ ಸೇರಿಸಿ ಕುಂಡದ ಮಣ್ಣು ಬದಲಿಸಿ. ತಕ್ಷಣಕ್ಕೆ ಚೇತರಿಕೆ ಬೇಕೆಂದರೆ ಗೊಬ್ಬರದಂಗಡಿಯಲ್ಲಿ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸಿಗುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ಸ್ವಲ್ಪ ನಿಂಬೆರಸ ಹಿಂಡಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ನೆಲದ ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆಯಾಗುತ್ತದೆ, ಜೋಪಾನ. ಇದು ತಾತ್ಕಾಲಿಕ ಉಪಾಯ. ನೀರು ಬದಲಾಗದಿದ್ದರೆ ಮುಂದಿನ ಚಿಗುರು ಮತ್ತೆ ಹಳದಿಯೇ.

ಬಿಸಿಲು ಚೆನ್ನಾಗಿ ಬೇಕು. ನೆರಳಲ್ಲಿಟ್ಟರೆ ಗಿಡ ಎತ್ತರವಾಗುತ್ತದೆ ಅಷ್ಟೇ, ಹೂ ಕಡಿಮೆ. ಹೂಗೊಂಚಲು ಬರುವುದು ಹೊಸ ರೆಂಬೆಯ ತುದಿಯಲ್ಲಿ. ಅದಕ್ಕೇ ಹೂ ಮುಗಿದ ಮೇಲೆ ತುದಿ ಕತ್ತರಿಸಿ, ಕವಲು ಜಾಸ್ತಿ ಬರುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆ, ನರ್ಸರಿಯಲ್ಲಿ ಬಣ್ಣಬಣ್ಣದ ಇಕ್ಸೋರಾ ಸಿಗುತ್ತದಲ್ಲ ಅಂತಲೂ ಕೇಳುತ್ತಾರೆ. ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ನಮ್ಮ ಗುಡ್ಡದ ಕೇಪಳದ ಬಳಕೆಯೇ ಬೇರೆ. ದೈವದ ಪೂಜೆಗೆ ಹಿಂಗಾರದ (ಅಡಿಕೆ ಹೂಗೊಂಚಲಿನ) ಜೊತೆ ಇದೇ ಕೆಂಪು ಹೂ ಬೇಕು. ಉದ್ದನೆಯ ಹೂವಿನ ಕೊಳವೆಯಿಂದ ಮಕ್ಕಳು ಜೇನು ಹೀರುತ್ತಾರೆ, ಚಿಟ್ಟೆಗಳೂ ಬರುತ್ತವೆ. ಹಣ್ಣು ಕೆಂಪಿನಿಂದ ಕಪ್ಪಿಗೆ ತಿರುಗಿದಾಗ ಸಿಹಿ, ಜೊತೆಗೆ ಒಂಚೂರು ಒಗರು. ಆ ರುಚಿ ಗೊತ್ತಿಲ್ಲದ ಮಕ್ಕಳನ್ನು ನೋಡಿದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಹೊಟ್ಟೆ ಕೆಟ್ಟಾಗ ಕೇಪಳದ ತಂಬುಳಿ ಮಾಡುವ ರೂಢಿಯೂ ಇದೆ. ಒಂದು ಹಿಡಿ ಹೂವನ್ನೋ ಎಳೆ ಕುಡಿಯನ್ನೋ ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ. ತೆಂಗಿನತುರಿ ಹಾಕಿ ನುಣ್ಣಗೆ ಅರೆಯಿರಿ. ಮಜ್ಜಿಗೆ, ಉಪ್ಪು ಬೆರೆಸಿದರೆ ಆಯಿತು. ಕುದಿಸಬೇಡಿ. ಚಿಕ್ಕ ಮಕ್ಕಳಿಗೆ ಭೇದಿ ನಿಲ್ಲದಿದ್ದರೆ ತಂಬುಳಿ ನಂಬಿ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಊರಿಂದ ತರುವಾಗ ಒಂದು ವಿನಂತಿ. ಗುಡ್ಡದ ಗಿಡವನ್ನು ಬುಡಸಮೇತ ಕೀಳಬೇಡಿ. ಬೇರು ಮುರಕಲ್ಲಿನ ಸಂದಿಯಲ್ಲಿ ಇಳಿದಿರುತ್ತದೆ, ಕಿತ್ತರೆ ಹರಿಯುತ್ತದೆ. ಗಿಡ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಕಲ್ಲಿನ ಕೋರೆಗಳಿಂದ ಎಷ್ಟೋ ಗುಡ್ಡಗಳ ಕೇಪಳ ಈಗಾಗಲೇ ಹೋಗಿದೆ. ಜೂನ್–ಜುಲೈನಲ್ಲಿ ಅರ್ಧ ಬಲಿತ ರೆಂಬೆಯಿಂದ ಒಂದು ಗೇಣಿನ ಕಡ್ಡಿ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ ನೆರಳಲ್ಲಿಡಿ. ಬೇರು ಬರಲು ಒಂದೂವರೆ–ಎರಡು ತಿಂಗಳು ಬೇಕು. ಎಲ್ಲ ಕಡ್ಡಿಯೂ ಹಿಡಿಯುವುದಿಲ್ಲ, ಹತ್ತಾರು ಕಡ್ಡಿ ಊರಿ.